ಕುರಿ ಉಣ್ಣೆಯ ಕೈನೂಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ತಕಲಿಯಿಂದ ಉಣ್ಣೆ ನೂಲುವ ಬಗ್ಗೆ ಬರೆದ ಮೇಲೆ ಬಂದ ಪತ್ರಗಳೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಿವೆ. ಕುರಿಯ ಮೈಯಿಂದ ಇಳಿದ ಉಣ್ಣೆಯನ್ನು ನೂಲುವ ಹದಕ್ಕೆ ತರುವುದು ಹೇಗೆ? ಕೇಳಬೇಕಾದ್ದನ್ನೇ ಕೇಳಿದ್ದೀರಿ. ನೂಲು ಚೆನ್ನಾಗಿ ಬರುವುದೂ ಕೆಡುವುದೂ ಮುಕ್ಕಾಲು ಪಾಲು ತೊಳೆಯುವ ಬಕೆಟ್ಟಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಅದರಲ್ಲೂ ನಮ್ಮ ಕೊಡಗಿನ ಮಳೆಯಲ್ಲಿ ಈ ಕೆಲಸಕ್ಕೆ ಬೇರೆಯದೇ ಲೆಕ್ಕಾಚಾರ ಬೇಕು. ಈ ಸಲದ ಪುಟ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಅಕ್ಕ, ಬೇಸಿಗೆಯಲ್ಲಿ ನಮ್ಮ ಗದ್ದೆಯಲ್ಲಿ ಮಂದೆ ಹಾಕಿದ್ದ ಕುರಿಯವರು ಹೋಗುವಾಗ ಒಂದು ಗೋಣಿಚೀಲ ಉಣ್ಣೆ ಕೊಟ್ಟು ಹೋದರು. ಬಿಳಿ, ಕಂದು, ಕಪ್ಪು ಎಲ್ಲ ಬೆರೆತಿದೆ. ತುಂಬ ಹಿಕ್ಕೆ, ಮುಳ್ಳು, ವಾಸನೆ. ಸೀದಾ ನೀರಿಗೆ ಹಾಕಬಹುದೇ?
(ಗೃಹಿಣಿ, ಕೊಡ್ಲಿಪೇಟೆ)

ಈಗಲೇ ನೀರಿಗೆ ಹಾಕಬೇಡಿ. ಮೊದಲು ಅದನ್ನು ಗೋಣಿಯಿಂದ ಹೊರಗೆ ತೆಗೆಯಿರಿ, ಇವತ್ತೇ. ಕಾಫಿ ತೋಟದ ಮನೆಗಳಲ್ಲಿ ಗೋಣಿಚೀಲ, ಗೊಬ್ಬರದ ಪ್ಲಾಸ್ಟಿಕ್ ಚೀಲ ಎರಡಕ್ಕೂ ಬರವಿಲ್ಲ. ಕೈಗೆ ಸಿಗುವುದು ಅವೇ. ಆದರೆ ಉಣ್ಣೆಗೆ ಎರಡೂ ಆಗಿಬರುವುದಿಲ್ಲ. ಸೆಣಬಿನ ಎಳೆಯಾಗಲಿ ಪ್ಲಾಸ್ಟಿಕ್ ಎಳೆಯಾಗಲಿ ಒಮ್ಮೆ ಸೇರಿಕೊಂಡರೆ ತೊಳೆದರೂ ಹೋಗದು, ಹಿಂಜಿದರೂ ಬಿಡದು. ಉಣ್ಣೆಯ ಬಣ್ಣ ಅದಕ್ಕೆ ಹಿಡಿಯುವುದೂ ಇಲ್ಲ. ಕೊನೆಗೆ ಹೆಣೆದ ಬಟ್ಟೆಯ ಮೇಲೆ ಒಂದೊಂದೇ ಎಳೆ ಎದ್ದು ಕಾಣುತ್ತದೆ. ಹಳೆಯ ಹತ್ತಿ ಸೀರೆ ಅಥವಾ ಬೆಡ್‌ಶೀಟ್ ಸಾಕು, ಅದರಲ್ಲಿ ಗಂಟು ಕಟ್ಟಿಡಿ.

ಇನ್ನೊಂದು ವಿಷಯ ಉಣ್ಣೆ ಕೊಟ್ಟವರನ್ನು ಫೋನ್ ಮಾಡಿಯಾದರೂ ಕೇಳಿ: ಇದು ಬದುಕಿರುವ ಕುರಿಯಿಂದ ಕತ್ತರಿಸಿದ್ದೇ? ಸತ್ತ ಕುರಿಯ ಉಣ್ಣೆಯನ್ನು ಮನೆಯೊಳಗೆ ತರಲೇಬಾರದು. ಕುರಿಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯ ಧೂಳಿನ ಮೂಲಕ ಮನುಷ್ಯನ ಶ್ವಾಸಕೋಶಕ್ಕೂ ಇಳಿಯಬಲ್ಲದು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಗಿರಣಿಗಳಲ್ಲಿ ಉಣ್ಣೆ ವಿಂಗಡಿಸುವವರು ಇದರಿಂದಲೇ ಸಾಯುತ್ತಿದ್ದರು. ಮನೆಯಲ್ಲಿ ಬಿಸಿನೀರಿನಲ್ಲಿ ತೊಳೆದ ಮಾತ್ರಕ್ಕೆ ಆ ರೋಗಾಣುವಿನ ಬೀಜಕಣ ಸಾಯುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಆರೋಗ್ಯವಾಗಿರುವ ಮಂದೆಯ ಉಣ್ಣೆಯಾದರೆ ನಿಶ್ಚಿಂತೆಯಿಂದ ಕೆಲಸಕ್ಕೆ ಕೂರಬಹುದು. ಹಾಗಿದ್ದರೂ ಬಿಡಿಸುವಾಗ ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಹೊರಗೆ ಗಾಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಉಣುಗು ಇದ್ದರೂ ಇರಬಹುದು, ಕೆಲಸ ಮುಗಿಸಿ ಸ್ನಾನ ಮಾಡಿಬಿಡಿ. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಬಹಳ ವರ್ಷವಾಗಿದ್ದರೆ ಅದನ್ನೂ ತೆಗೆದುಕೊಳ್ಳಿ.

ಈಗ ವಿಂಗಡಿಸುವ ಕೆಲಸ. ನನಗೆ ಇದೇ ಎಲ್ಲಕ್ಕಿಂತ ಇಷ್ಟದ ಭಾಗ. ಸೀರೆ ಹಾಸಿ ಉಣ್ಣೆಯನ್ನು ತೆಳ್ಳಗೆ ಹರಡಿ. ಹಿಕ್ಕೆ ಅಂಟಿದ ಜಡೆ, ಮೂತ್ರದಿಂದ ಹಳದಿಗಟ್ಟಿದ್ದು, ಹೊಟ್ಟೆ ಮತ್ತು ಕಾಲಿನ ಕಡೆಯ ಒರಟು ಚೂರು, ಇವನ್ನೆಲ್ಲ ಕರುಣೆಯಿಲ್ಲದೆ ತೆಗೆದುಹಾಕಿ. ಆಮೇಲೆ ಒಂದೊಂದು ಹಿಡಿ ಎತ್ತಿ ಕೊಡವಿ. ಕತ್ತರಿ ಒಂದೇ ಜಾಗದಲ್ಲಿ ಎರಡು ಸಲ ಆಡಿದಾಗ ಬೀಳುವ ಅರ್ಧ ಇಂಚಿನ ತುಣುಕುಗಳು ಉದುರುತ್ತವೆ. ಅವು ಉಳಿದುಕೊಂಡರೆ ನೂಲಿನ ತುಂಬ ಗಂಟು. ನೂಲಲು ಎಳೆ ಕಡಿಮೆಯೆಂದರೂ ಎರಡು ಇಂಚು ಇರಬೇಕು. ನಮ್ಮ ಕಡೆಯ ಕುರಿಗಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುವುದರಿಂದ ಉದ್ದದ ಎಳೆ ಸಿಗುವುದೇ ಕಡಿಮೆ. ಅದಕ್ಕೇ ಆರಿಸುವಾಗ ಉದ್ದವಾದದ್ದನ್ನು ಒಂದು ಕಡೆ, ಗಿಡ್ಡವಾದದ್ದನ್ನು ಇನ್ನೊಂದು ಕಡೆ ಇಟ್ಟುಕೊಳ್ಳಿ. ಬಣ್ಣವನ್ನೂ ಈಗಲೇ ಬೇರೆ ಮಾಡಿಬಿಡಿ, ತೊಳೆದ ಮೇಲೆ ಆಗುವ ಕೆಲಸವಲ್ಲ.

ಎಳೆಗೆ ಬಲ ಇದೆಯೇ ಎಂದು ನೋಡಲು ಒಂದು ಸಣ್ಣ ಜಡೆಯ ಎರಡೂ ತುದಿ ಹಿಡಿದು ಕಿವಿಯ ಹತ್ತಿರ ತಂದು ಜಗ್ಗಿ. ಟಣ್ ಎಂದು ನಿಂತರೆ ಒಳ್ಳೆಯದು. ಚಟಚಟ ಎಂದು ಹರಿದರೆ ಆ ಕುರಿಗೆ ನಡುವೆ ಕಾಯಿಲೆಯೋ ಮೇವಿನ ಕೊರತೆಯೋ ಆಗಿತ್ತು ಎಂದರ್ಥ. ಅಂಥದ್ದು ನೂಲಿಗೆ ಬೇಡ.

ಚೀಲದಲ್ಲಿ ಅರ್ಧ ಹೊರಗೆ ಹೋದರೂ ಬೇಸರ ಮಾಡಿಕೊಳ್ಳಬೇಡಿ. ತೆಗೆದದ್ದು ಕಸವಲ್ಲ. ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ ಮೇಲೆ ದರಗು ಮುಚ್ಚಿದರೆ ತೇವ ಹಿಡಿದಿಡುತ್ತದೆ, ನಿಧಾನಕ್ಕೆ ಕೊಳೆತು ಸಾರಜನಕ ಕೊಡುತ್ತದೆ.

ಪ್ರಶ್ನೆ: ಮೇಡಂ, ಅರ್ಧ ಕೆ.ಜಿ. ಉಣ್ಣೆಯನ್ನು ಬಿಸಿನೀರಿನ ಸೆಟ್ಟಿಂಗ್ ಇಟ್ಟು ವಾಷಿಂಗ್ ಮಷೀನಿಗೆ ಹಾಕಿದೆ. ತೆಗೆದಾಗ ಬಿಡಿಸಲಾಗದಂಥ ಒಂದೇ ಮುದ್ದೆ. ಬಿಸಿನೀರು ತಪ್ಪಾಯಿತೇ? ತಣ್ಣೀರಿನಲ್ಲಿ ತೊಳೆದರೆ ಜಿಡ್ಡೇ ಹೋಗುವುದಿಲ್ಲವಲ್ಲ?
(ಯುವಕ, ವಿರಾಜಪೇಟೆ)

ಬಿಸಿನೀರಿನದು ತಪ್ಪಲ್ಲ ತಮ್ಮಾ. ಅಲ್ಲಾಡಿಸಿದ್ದು ತಪ್ಪು. ಉಣ್ಣೆಯ ಪ್ರತಿ ಎಳೆಯ ಮೇಲೆ ಮೀನಿನ ಮೈಯ ಹಾಗೆ ಸಣ್ಣ ಸಣ್ಣ ಹುರುಪೆಗಳಿರುತ್ತವೆ, ಎಲ್ಲವೂ ತುದಿಯ ಕಡೆಗೆ ಮುಖ ಮಾಡಿ. ಬಿಸಿನೀರು, ಸೋಪು ತಾಗಿ ಎಳೆ ಮೆತ್ತಗಾಗಿರುವಾಗ ಅದನ್ನು ಉಜ್ಜಿದರೆ ಎಳೆಗಳು ಒಂದರೊಳಗೊಂದು ತೂರಿಕೊಂಡು ಮುಂದೆ ಸರಿಯುತ್ತವೆ. ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಕಂಬಳಿ ಒಗೆದಾಗ ಕುಗ್ಗಿ ದಪ್ಪವಾಗುವುದೂ ಇದರಿಂದಲೇ. ನಿಮ್ಮ ಮುದ್ದೆ ಇನ್ನು ನೂಲಾಗುವುದಿಲ್ಲ. ತಟ್ಟಿ ಚಪ್ಪಟೆ ಮಾಡಿ ಒಣಗಿಸಿದರೆ ಬಿಸಿ ಪಾತ್ರೆಯ ಅಡಿಗೆ ಇಡಲು ಒಳ್ಳೆಯದಾಗುತ್ತದೆ.

ನನಗೆ ನೂಲುವುದು ಹೇಳಿಕೊಟ್ಟವರು ಪಿರಿಯಾಪಟ್ಟಣ ಕಡೆಯ ಕುರುಬರ ಅಜ್ಜಿ. ಬೇರೆ ಯಾವುದಕ್ಕೂ ಗದರದವರು ಬಕೆಟ್ಟಿನ ಹತ್ತಿರ ಮಾತ್ರ ಗದರುತ್ತಿದ್ದರು: "ನೀರೊಳಗೆ ಕೈ ಆಡಿಸ್ಬೇಡ ಮಗ, ಅದ್ರ ಪಾಡಿಗೆ ಅದು ಬಿಡ್ಲಿ." ತೊಳೆಯುವ ವಿದ್ಯೆಯೆಲ್ಲ ಆ ಮಾತಿನಲ್ಲೇ ಇದೆ.

ಉಣ್ಣೆಯಲ್ಲಿ ಇರುವುದು ಎರಡು ಬಗೆಯ ಕೊಳೆ. ಒಂದು ಕುರಿಯ ಬೆವರು, ಒಣಗಿ ಉಪ್ಪಾಗಿ ಕೂತಿರುತ್ತದೆ, ತಣ್ಣೀರಿಗೇ ಕರಗುತ್ತದೆ. ಇನ್ನೊಂದು ಲ್ಯಾನೊಲಿನ್ ಎಂಬ ಮೇಣ. ಅದು ಕರಗಲು ಸುಮಾರು 40 ಡಿಗ್ರಿ ಬೇಕು. ಕರಗಿ ಎಳೆಯನ್ನು ಪೂರ್ತಿ ಬಿಟ್ಟು ಬರಬೇಕಾದರೆ 60ರ ಹತ್ತಿರ ನೀರಿರಬೇಕು. ಹೀಗಾಗಿ ಎರಡು ಹಂತ.

ಹಿಂದಿನ ರಾತ್ರಿ ಉಣ್ಣೆಯನ್ನು ಎಳೆ ಬಿಡದ ಬಲೆ ಚೀಲದಲ್ಲಿ ಸಡಿಲವಾಗಿ ತುಂಬಿ ತಣ್ಣೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ನೋಡಿದರೆ ನೀರು ಕಡು ಕಂದು. ಅದರಲ್ಲಿ ಪೊಟ್ಯಾಷ್ ಇರುತ್ತದೆ, ಬಾಳೆಯ ಬುಡಕ್ಕೆ ಹಾಕಿ. ಹೀಗೆ ತಣ್ಣೀರು ಇನ್ನೊಂದು ಸಲ ಬದಲಿಸಿದರೆ ಮಣ್ಣು, ಬೆವರು ಬಹುಪಾಲು ಹೋಗಿರುತ್ತದೆ.

ಆಮೇಲೆ ಬಿಸಿನೀರು. ಥರ್ಮಾಮೀಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಕುದಿಯುವ ನೀರು ಅರ್ಧ, ನಲ್ಲಿ ನೀರು ಅರ್ಧ ಬೆರೆಸಿ. ಮಡಿಕೇರಿಯಂಥ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ, ನಲ್ಲಿ ನೀರು 20ರ ಆಸುಪಾಸು, ಎರಡೂ ಸೇರಿ 60ಕ್ಕೆ ಹತ್ತಿರ ಬರುತ್ತದೆ. ಹತ್ತು ಲೀಟರ್ ಬಕೆಟ್ಟಿಗೆ 200 ಗ್ರಾಂಗಿಂತ ಹೆಚ್ಚು ಉಣ್ಣೆ ಬೇಡ. ಉಣ್ಣೆ ಬಟ್ಟೆಗೆಂದೇ ಸಿಗುವ ಈಜಿಯಂಥ ದ್ರವವನ್ನು ಮೊದಲು ನೀರಿಗೆ ಹಾಕಿ ಬೆರೆಸಿ. ನೊರೆ ಏಳಿಸಬೇಡಿ. ಕೈಯಲ್ಲಿ ತೆಗೆದುಕೊಂಡರೆ ನೀರು ಜಾರುವಂತೆ ಅನಿಸಬೇಕು, ಅಷ್ಟು ಸಾಕು. ಬಟ್ಟೆ ಸೋಪು, ವಾಷಿಂಗ್ ಸೋಡಾ ಬಳಸಬೇಡಿ, ಕ್ಷಾರ ಉಣ್ಣೆಯನ್ನು ತಿಂದು ಒರಟು ಮಾಡುತ್ತದೆ. ಈಗ ಬಲೆ ಚೀಲವನ್ನು ಮೇಲಿನಿಂದ ಮೆಲ್ಲಗೆ ಒತ್ತಿ ಮುಳುಗಿಸಿ, ಮುಚ್ಚಳ ಹಾಕಿ, ಎದ್ದು ಹೋಗಿ. ಕಾಲು ಗಂಟೆ ಬಿಟ್ಟು ಬನ್ನಿ. ತುಂಬ ಹೊತ್ತು ಬಿಡಲೂಬಾರದು. ನೀರು ಆರಿದರೆ ಬಿಟ್ಟ ಮೇಣ ಮತ್ತೆ ಎಳೆಗೇ ಹತ್ತಿಕೊಳ್ಳುತ್ತದೆ, ಆ ಅಂಟು ಬಿಡಿಸುವುದು ಮೊದಲಿಗಿಂತ ಕಷ್ಟ.

ಚೀಲ ಎತ್ತಿ ನೀರು ಸೋರಿಸಿ, ಅಷ್ಟೇ ಬಿಸಿಯಿರುವ ಇನ್ನೊಂದು ಬಕೆಟ್ಟಿಗೆ ಇಳಿಸಿ. ಜಿಡ್ಡು ಹೆಚ್ಚಿದ್ದರೆ ಇಲ್ಲೂ ದ್ರವ ಹಾಕಿ. ಆಮೇಲೆ ಬರಿಯ ಬಿಸಿನೀರಿನಲ್ಲಿ ಎರಡು ಸಲ. ಬಿಸಿಯಿಂದ ಸೀದಾ ತಣ್ಣೀರಿಗೆ ಹಾಕಬೇಡಿ, ನಲ್ಲಿಯ ಧಾರೆಯನ್ನು ಉಣ್ಣೆಯ ಮೇಲೆ ಬಿಡಬೇಡಿ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ನಿಮ್ಮ ಮಷೀನಿನಲ್ಲಿ ಬರಿಯ ಸ್ಪಿನ್ ಹಾಕಲು ಬರುವುದಾದರೆ ಬಲೆ ಚೀಲದ ಸಮೇತ ಒಂದೆರಡು ನಿಮಿಷ ತಿರುಗಿಸಬಹುದು. ಅಲ್ಲಿ ಉಣ್ಣೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆಯೇ ಹೊರತು ಉಜ್ಜಿಕೊಳ್ಳುವುದಿಲ್ಲ.

ಪ್ರಶ್ನೆ: ಡಿಟರ್ಜೆಂಟ್ ಬದಲು ಸೀಗೆಕಾಯಿ, ಅಂಟುವಾಳ ಆಗುತ್ತದೆಯೇ?
(ವಿದ್ಯಾರ್ಥಿನಿ, ಪೊನ್ನಂಪೇಟೆ)

ನಮ್ಮ ನಾಟಿ ಕುರಿಯ ಉಣ್ಣೆಗೆ ಧಾರಾಳವಾಗಿ ಆಗುತ್ತದೆ. ಅದರಲ್ಲಿ ಮೇಣವೇ ಕಡಿಮೆ. ಕಾಯಿ ಕುದಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿ, ಪುಡಿ ಹಾಕಿದರೆ ಚೂರು ಎಳೆಗಳ ನಡುವೆ ಕೂತುಬಿಡುತ್ತದೆ. ಬಿಳಿ ಉಣ್ಣೆಗೆ ತುಸು ಕಂದು ಛಾಯೆ ಬರುತ್ತದೆ, ಕಪ್ಪಿಗೆ ಗೊತ್ತೇ ಆಗುವುದಿಲ್ಲ. ವಿದೇಶಿ ಕುರಿ ತಳಿ ಮೆರಿನೋದಂಥ ಜಿಡ್ಡಿನ ಉಣ್ಣೆಗೆ ಇದು ಸಾಲದು.

ಪ್ರಶ್ನೆ: ನಾವಿರುವುದು ಮೂರನೇ ಮಹಡಿಯ ಮನೆ. ಜೂನ್‌ನಲ್ಲಿ ತೊಳೆದ ಉಣ್ಣೆ ಒಂದು ವಾರವಾದರೂ ಒಣಗಲಿಲ್ಲ. ಮುಟ್ಟಿದರೆ ಒಣಗಿದ ಹಾಗೆ ಇತ್ತು, ಡಬ್ಬದಲ್ಲಿ ಹಾಕಿಟ್ಟ ಮೇಲೆ ಬೂಷ್ಟು ಬಂತು. ಮಡಿಕೇರಿಯಲ್ಲಿ ಈ ಹವ್ಯಾಸವೇ ಅಸಾಧ್ಯವೇ?
(ಬ್ಯಾಂಕ್ ಉದ್ಯೋಗಿ, ಮಡಿಕೇರಿ)

ಖಂಡಿತ ಅಸಾಧ್ಯವಲ್ಲ. ನಾನಿರುವುದು ಮಾದಾಪುರದ ಹತ್ತಿರ, ಮಳೆ ನಮಗೂ ಕಡಿಮೆಯಿಲ್ಲ. ಉಣ್ಣೆಯ ಗುಣ ಹೇಗೆಂದರೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರಿನ ಆವಿಯನ್ನು ಒಳಗೆ ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ. ಅದಕ್ಕೇ ಮಳೆಗಾಲದಲ್ಲಿ ಕೈಯನ್ನು ನಂಬಬಾರದು, ತಕ್ಕಡಿಯನ್ನು ನಂಬಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ತೂಗಿ ನೋಡಿ. ತೂಕ ಇಳಿಯುತ್ತಿರುವವರೆಗೆ ಒಣಗುತ್ತಿದೆ. ನಿಂತ ಮೇಲೂ ಬಿಸಿಲು ಬಿದ್ದ ಒಂದು ದಿನ ಕಾದು, ಆ ಮಧ್ಯಾಹ್ನ ಎತ್ತಿಡಿ. ಮುಚ್ಚಳದ ಡಬ್ಬ ಬೇಡವೇ ಬೇಡ. ಹತ್ತಿಯ ದಿಂಬಿನ ಚೀಲದಲ್ಲಿ ಹಾಕಿ, ಗೋಡೆಗೆ ತಾಗದ ಹಾಗೆ ತೂಗುಹಾಕಿ.

ಮಹಡಿ ಮನೆಯಲ್ಲಿ ಫ್ಯಾನಿನ ಕೆಳಗೆ ಒಣಗಿಸುವುದೇ ದಾರಿ. ಮೆಣಸು, ಏಲಕ್ಕಿ ಒಣಗಿಸುವ ಜಾಲರಿಯ ತಟ್ಟೆ ಇದ್ದರೆ ಎರಡು ಕುರ್ಚಿಗಳ ನಡುವೆ ಇಟ್ಟು ತೆಳ್ಳಗೆ ಹರಡಿ, ಕೆಳಗಿನಿಂದಲೂ ಗಾಳಿ ಆಡಬೇಕು. ಒಲೆಯಿರುವ ಮನೆಯವರು ಅಟ್ಟದ ಮೇಲೆ ಹರಡುವುದುಂಟು. ಬೇಗ ಒಣಗುತ್ತದೆ, ನಿಜ. ಆದರೆ ಹೊಗೆಯ ವಾಸನೆ ಉಣ್ಣೆಗೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ.

ಇಷ್ಟು ಹೇಳಿ ಇನ್ನೊಂದು ಮಾತು. ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯಲ್ಲಿ ಉಣ್ಣೆ ತೊಳೆಯಲು ಹೋಗಬೇಡಿ, ಆ ತಿಂಗಳು ನೂಲಲು ಇರಲಿ. ಹಾಗೆಂದು ಮಳೆಯನ್ನು ಶತ್ರು ಎಂದುಕೊಳ್ಳಬೇಡಿ. ಮಳೆನೀರಿನಷ್ಟು ಮೆದುವಾದ ನೀರು ಉಣ್ಣೆಗೆ ಬೇರೆ ಸಿಗದು. ಗಡಸು ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಉಳಿದು ಎಳೆ ಒರಟಾಗುತ್ತದೆ, ಮಳೆನೀರಿನಲ್ಲಿ ತೊಳೆದದ್ದು ಅದೆಷ್ಟು ಹಗುರವಾಗಿ ಅರಳುತ್ತದೆ ಎನ್ನುವುದನ್ನು ನೀವೇ ಮುಟ್ಟಿ ನೋಡಬೇಕು. ಮುಂಗಾರಿನ ಕೊನೆಯ ಮಳೆಯಲ್ಲಿ ಡ್ರಮ್ಮು ತುಂಬಿಸಿಟ್ಟುಕೊಳ್ಳಿ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ, ಅರೇಬಿಕಾ ಹಣ್ಣು ಕಣಕ್ಕೆ ಬರುವುದಕ್ಕೆ ಮುಂಚೆ ಕೆಲವು ಒಳ್ಳೆಯ ಬಿಸಿಲಿನ ದಿನ ಸಿಗುತ್ತವೆ. ಡ್ರಮ್ಮಿನಲ್ಲಿ ನೀರಿದೆ, ಆಕಾಶದಲ್ಲಿ ಬಿಸಿಲಿದೆ, ಕಣ ಖಾಲಿಯಿದೆ. ನಮ್ಮ ಮನೆಯಲ್ಲಿ ವರ್ಷದ ಉಣ್ಣೆ ತೊಳೆಯುವುದು ಆಗಲೇ. ನಿಮಗೆ ಕಣ ಇಲ್ಲ, ತೋಟವಿರುವ ಸ್ನೇಹಿತರನ್ನು ಕೇಳಿ. ಒಮ್ಮೆ ಕಾಫಿ ಹರಡಿದ ಮೇಲೆ ಮಾತ್ರ ಆ ಕಡೆ ಉಣ್ಣೆ ಒಯ್ಯಬೇಡಿ. ಕಾಫಿಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಕುರಿಯ ವಾಸನೆ ಬಂದ ಕಾಫಿಯನ್ನು ಯಾರೂ ಕೊಳ್ಳುವುದಿಲ್ಲ.

ಪ್ರಶ್ನೆ: ಉಣ್ಣೆ ಹಿಂಜುವ ಹಲ್ಲಿನ ಹಲಗೆ ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಆನ್‌ಲೈನಿನಲ್ಲಿ ಬೆಲೆ ನೋಡಿ ಕೈಬಿಟ್ಟೆ. ಹಾಸಿಗೆ ಹೊಲಿಯುವವರ ಯಂತ್ರಕ್ಕೆ ಕೊಡಬಹುದೇ?
(ನಿವೃತ್ತ ಶಿಕ್ಷಕಿ, ಗೋಣಿಕೊಪ್ಪ)

ಯಂತ್ರಕ್ಕೆ ಕೊಡಬೇಡಿ ಟೀಚರ್. ಹತ್ತಿಯ ಚೂರು ಬೆರೆಯುತ್ತದೆ, ಎಳೆಯೂ ತುಂಡಾಗುತ್ತದೆ. ನಿಮ್ಮ ಬೆರಳು ಎಲ್ಲಕ್ಕಿಂತ ಒಳ್ಳೆಯ ಸಲಕರಣೆ. ತೊಳೆದು ಒಣಗಿದ ಜಡೆಯನ್ನು ಒಂದೊಂದಾಗಿ ತೆಗೆದುಕೊಂಡು ಅಡ್ಡಕ್ಕೆ ಬಿಡಿಸುತ್ತ ಹೋಗಿ, ಬೆಳಕು ಹಾಯುವಷ್ಟು ತೆಳ್ಳಗಾಗಬೇಕು. ಉಳಿದ ಹುಲ್ಲು, ಉತ್ತರಣಿ ಕಾಳು, ಧೂಳು ಎಲ್ಲ ಆಗಲೇ ಉದುರುತ್ತದೆ. ನೆಗ್ಗಿಲು ಮುಳ್ಳನ್ನು ಎಳೆಯಬೇಡಿ, ಸುತ್ತಲಿನ ಎಳೆಯನ್ನು ಬಿಡಿಸಿದರೆ ಅದೇ ಬೀಳುತ್ತದೆ. ಸಂಜೆ ಸುದ್ದಿ ಕೇಳುತ್ತ ಮಾಡಬಹುದಾದ ಕೆಲಸ ಇದು.

ಹಲಗೆಯ ಬದಲು ಸಾಕುನಾಯಿಯ ಅಂಗಡಿಯಲ್ಲಿ ಸಿಗುವ, ಬಾಗಿದ ತಂತಿಹಲ್ಲಿನ ಚಪ್ಪಟೆ ಬ್ರಷ್ ಎರಡು ಕೊಳ್ಳಿ. ಒಂದರ ಮೇಲೆ ಬಿಡಿಸಿದ ಉಣ್ಣೆ ತೆಳುವಾಗಿ ಹಚ್ಚಿ, ಇನ್ನೊಂದರಿಂದ ಮೇಲ್ಮೇಲೆ ಬಾಚಿ. ಹಲ್ಲಿಗೆ ಹಲ್ಲು ಒತ್ತಬಾರದು, ಕೆರೆಯುವ ಸದ್ದು ಬಂದರೆ ನೀವು ಒತ್ತುತ್ತಿದ್ದೀರಿ. ನಾಲ್ಕೈದು ಸಲ ಬಾಚಿ ತೆಗೆದು, ಒಂದು ಹೆಣಿಗೆ ಕಡ್ಡಿಗೆ ಸುತ್ತಿ ಕಡ್ಡಿ ಎಳೆದರೆ ಹಂಜಿ, ಅಂದರೆ ನೂಲಲು ಬೇಕಾದ ಉಣ್ಣೆಯ ಸುರುಳಿ ಸಿದ್ಧ. ಹತ್ತಿಯ ಹಂಜಿ ನೋಡಿ ಅಭ್ಯಾಸವಿದ್ದರೆ ಇದು ತುಂಬ ಸಡಿಲ ಅನಿಸಬಹುದು, ಸಡಿಲವೇ ಇರಬೇಕು. ಹೀಗೆ ಬಾಚಿದ್ದರಿಂದ ಗಾಳಿ ತುಂಬಿದ ಬೆಚ್ಚನೆಯ ನೂಲು ಬರುತ್ತದೆ. ಉದ್ದನೆಯ ಎಳೆಯನ್ನು ಉಕ್ಕಿನ ಬಾಚಣಿಗೆಯಲ್ಲಿ ಬುಡದಿಂದ ತುದಿಗೆ ಬಾಚಿ ಗಿಡ್ಡವನ್ನೆಲ್ಲ ತೆಗೆದು ನೂತರೆ ನಯವಾದ, ಗಟ್ಟಿಯಾದ ನೂಲು.

ಒಣ ಹವೆಯ ದಿನ ಎಳೆಗಳು ನಿಮಿರಿ ಕೈಗೆ ಅಂಟುತ್ತವೆ. ಒಂದು ಲೋಟ ನೀರಿಗೆ ನಾಲ್ಕು ಹನಿ ಆಲಿವ್ ಎಣ್ಣೆ ಹಾಕಿ, ಚೆನ್ನಾಗಿ ಕುಲುಕಿ, ಉಣ್ಣೆಯ ಮೇಲೆ ಮಂಜಿನಂತೆ ಸಿಂಪಡಿಸಿ ಒಂದು ರಾತ್ರಿ ಮುಚ್ಚಿಡಿ. ತೆಂಗಿನೆಣ್ಣೆ ನಮ್ಮ ಡಿಸೆಂಬರ್ ಚಳಿಗೆ ಹೆಪ್ಪುಗಟ್ಟುತ್ತದೆ. ಅಗಸೆ ಎಣ್ಣೆ ಒಣಗಿ ಪೊರೆ ಕಟ್ಟುತ್ತದೆ, ಬೇಡ. ಉಣ್ಣೆಯ ಸಹಜ ಮೇಣವನ್ನೇ ಸ್ವಲ್ಪ ಉಳಿಸಿ ನೂಲುವವರೂ ಇದ್ದಾರೆ. ಬಯಲುಸೀಮೆಯಲ್ಲಿ ಅದು ಸರಿ. ನಮ್ಮ ತೇವದಲ್ಲಿ ಉಳಿದ ಮೇಣ ಕೆಲವು ತಿಂಗಳಲ್ಲೇ ಅಂಟಂಟಾಗಿ ಹಳದಿಯಾಗುತ್ತದೆ, ಹಾಗಾಗಿ ಪೂರ್ತಿ ತೊಳೆದು ಆಮೇಲೆ ಎಣ್ಣೆ ಮುಟ್ಟಿಸುವುದು ನನ್ನ ಪದ್ಧತಿ.

ಪ್ರಶ್ನೆ: ನುಸಿಗೆ ಬೇವಿನ ಸೊಪ್ಪು ಸಾಕೇ?
(ಓದುಗರು, ಸಿದ್ದಾಪುರ)

ಸಾಲದು. ನುಸಿಗೆ ಇಷ್ಟವಾಗುವುದು ಕೊಳೆ, ಕತ್ತಲೆ, ಯಾರೂ ಮುಟ್ಟದ ಮೂಲೆ. ತೊಳೆಯದ ಉಣ್ಣೆಯನ್ನು ತೊಳೆದದ್ದರ ಹತ್ತಿರ ಇಡಬೇಡಿ. ತಿಂಗಳಿಗೊಮ್ಮೆ ಹೊರಗೆ ತಂದು ಕೊಡವಿ. ಅನುಮಾನ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಹೊರಗೆ ತೆಗೆದು ಒಂದೆರಡು ದಿನ ಬಿಟ್ಟು ಮತ್ತೊಂದು ವಾರ ಇಡಿ. ಮೊಟ್ಟೆಯೂ ಸಾಯುತ್ತದೆ.

ಪ್ರಶ್ನೆ: ಅಮ್ಮ, ಕುಶಾಲನಗರದಲ್ಲಿ ಮೊಮ್ಮಗನಿಗೆ ಸ್ವೆಟರ್ ಹೆಣೆಯಬೇಕೆಂದು ಹುಣಸೂರು ಕಡೆಯಿಂದ ಕರಿ ಉಣ್ಣೆ ತರಿಸಿದ್ದೇನೆ. ಮಗಳು ಅದು ಚುಚ್ಚುತ್ತದೆ, ವಿದೇಶಿ ಮೆರಿನೋ ತರಿಸೋಣ ಎನ್ನುತ್ತಾಳೆ. ನಮ್ಮ ಉಣ್ಣೆ ನಿಜಕ್ಕೂ ಪ್ರಯೋಜನವಿಲ್ಲದ್ದೇ?
(ಗೃಹಿಣಿ, ಕುಶಾಲನಗರ)

ಮಗುವಿನ ಮೈಗೆ ತಾಗುವ ಸ್ವೆಟರ್ ವಿಷಯದಲ್ಲಿ ನಿಮ್ಮ ಮಗಳು ಹೇಳುವುದು ಸರಿ. ಡೆಕ್ಕನಿ, ಹಾಸನ, ಬಂಡೂರು ತಳಿಗಳ ತುಪ್ಪಟದಲ್ಲಿ ಒರಟು ಎಳೆಯ ಜೊತೆ ಗಡಸು ಕೂದಲೂ ಇರುತ್ತದೆ. ಚುಚ್ಚುವುದು ಅದೇ. ಎಷ್ಟು ತೊಳೆದರೂ ಅದು ಮೆತ್ತಗಾಗುವುದಿಲ್ಲ. ಮೆತ್ತನೆಯದು ಬೇಕೆಂದರೆ ಆಸ್ಟ್ರೇಲಿಯಾದವರೆಗೆ ಹೋಗಬೇಕಾಗಿಲ್ಲ. ಪಕ್ಕದ ನೀಲಗಿರಿಯಲ್ಲಿ 19ನೇ ಶತಮಾನದಲ್ಲೇ ಊರ ಕುರಿಗೆ ಮೆರಿನೋ ಮತ್ತಿತರ ತಳಿ ಬೆರೆಸಿ ಬೆಳೆಸಿದ ನೀಲಗಿರಿ ತಳಿ ಇದೆ, ಊಟಿ ಹತ್ತಿರದ ಸ್ಯಾಂಡಿನಲ್ಲದಲ್ಲಿ ಅದರ ಸಂಶೋಧನಾ ಕೇಂದ್ರವೂ ಇದೆ. ನಮ್ಮಂಥದ್ದೇ ಬೆಟ್ಟ, ಮಳೆಗೆ ಒಗ್ಗಿಕೊಂಡ ಕುರಿ ಅದು.

ಆದರೆ ಪ್ರಯೋಜನವಿಲ್ಲದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕುರಿಯವರಿಗೆ ಇಂದು ಈ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುತ್ತಿಲ್ಲ, ಎಷ್ಟೋ ಕಡೆ ಬಯಲಿನಲ್ಲೇ ಬಿಟ್ಟು ಹೋಗುತ್ತಾರೆ. ಇದೇ ಒರಟು ಎಳೆಯಿಂದ ನೂತು, ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿಯನ್ನು ಹೊದ್ದು ನಮ್ಮ ಹಿಂದಿನವರು ಮಳೆಯಲ್ಲಿ ಗದ್ದೆ ಕೆಲಸ ಮಾಡಿದರು. ನೆನೆದರೂ ಬೆಚ್ಚಗಿಡುವ ಬಟ್ಟೆ ಅದು. ನಿಮ್ಮ ಕರಿ ಉಣ್ಣೆಯಿಂದ ನೆಲಕ್ಕೆ ಹಾಸುವ ಚಾಪೆ, ಕುರ್ಚಿಯ ಹಾಸು, ತೋಟಕ್ಕೆ ಹೋಗುವಾಗ ಅಂಗಿಯ ಮೇಲೆ ತೊಡುವ ಜಾಕೆಟ್ ಮಾಡಿ. ವರ್ಷಗಟ್ಟಲೆ ಬಾಳುತ್ತದೆ. ನಿಮ್ಮೂರಿಗೆ ಹೊಳೆಯಾಚೆಯ ಬೈಲುಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟನ್ನರದು ಉಣ್ಣೆಯ ಜಮಖಾನ ನೇಯುವ ಪರಂಪರೆ. ಅಲ್ಲಿ ಹೋಗಿ ಅವರು ಗಂಟು ಹಾಕುವ ರೀತಿ ನೋಡಿ ಬನ್ನಿ.

ಮೊಮ್ಮಗನಿಗೆ ನಿಮ್ಮ ಕೈನೂಲಿನದೇ ಏನಾದರೂ ಬೇಕೆಂದರೆ, ಕರಿ ಉಣ್ಣೆಯಲ್ಲಿ ಗಡಸು ಕೂದಲನ್ನು ಆರಿಸಿ ತೆಗೆದು, ಹೆಗಲು ಮತ್ತು ಪಕ್ಕೆಯ ಭಾಗದ್ದನ್ನು ಮಾತ್ರ ಬಾಚಿ, ಹೆಚ್ಚು ಹುರಿ ಕೊಡದೆ ದಪ್ಪಗೆ ನೂತು ಒಂದು ಟೊಪ್ಪಿ ಹೆಣೆಯಿರಿ. ಒಳಗೆ ಹಳೆಯ ಮೆತ್ತನೆಯ ಹತ್ತಿ ಬಟ್ಟೆಯ ಅಸ್ತರಿ ಹೊಲಿದುಬಿಡಿ. ಅಸ್ತರಿಯನ್ನು ಮೊದಲೇ ಒಗೆದು ಕುಗ್ಗಿಸಿ ಆಮೇಲೆ ಹೊಲಿಯಿರಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಟೊಪ್ಪಿ ಸುಕ್ಕಾಗುತ್ತದೆ.